ಮಕ್ಕಳ ಓದಿನ ಖೋಲಿಗೆ ರೊಕ್ಕ ಎಲ್ಲಿಂದ ತರೂದು? ತಮ್ಮಗ ಒಂದು ಉದ್ದನೆ ಉತ್ತರ

ತಮ್ಮಾ, ದಾಳಿಂಬ್ರಿ ಬೆಳೆಗಾರರ ಗುಂಪಿನಾಗ ಇದನ್ನ ಕೇಳಬಹುದೋ ಇಲ್ಲೋ ಅಂತ ಹಿಂಜರಿದು ಕೇಳೀದಿ. ಕೇಳು, ಏನಾಗಲ್ಲ. ದಾಳಿಂಬ್ರಿಗೆ ಬರೋ ದುಂಡಾಣು ಅಂಗಮಾರಿ ರೋಗದ ಫೋಟೋ ನೋಡಿ ನೋಡಿ ನಮಗೂ ಕಣ್ಣು ಸಾಕಾಗ್ಯಾವ. ಹನುಮಸಾಗರ ಹತ್ರ ನಿಮ್ಮೂರಾಗ ಗುಡಿ ಬಾಜೂ ಖೋಲಿ ಖಾಲಿ ಐತಿ, ಮಕ್ಕಳಿಗೆ ಓದೋ ಜಾಗ ಮಾಡಬೇಕು, ಇಪ್ಪತ್ತು-ಮೂವತ್ತು ಸಾವಿರ ಅನುದಾನ ಯಾರು ಕೊಡ್ತಾರ, ಅರ್ಜಿ ಹೆಂಗ ಬರೀಬೇಕು, ಇಷ್ಟು ನಿನ್ನ ಪ್ರಶ್ನೆ. ಕುಷ್ಟಗಿ ಕಡೆ ನಾವು ನಾಲ್ಕೈದು ಮಂದಿ ಕೂಡಿ ಇಂಥದ್ದೊಂದು ಆರು ವರ್ಷದಿಂದ ನಡೆಸೀವಿ. ಎಡವಿದ್ದೇ ಜಾಸ್ತಿ, ಅದಕ್ಕ ಹೇಳಾಕ ಬಾಳ ಐತಿ.

ಮೊದಲು ನಮ್ಮ ದಡ್ಡತನ ಹೇಳ್ತೀನಿ. ಮೊದಲನೇ ವರ್ಷ ಒಂದು ಸಂಸ್ಥೆಯವರು 30,000 ಕೊಟ್ರು. ಅದರಾಗ 14,000 ಗಾಜಿನ ಬಾಗಿಲಿನ ಅಲಮಾರಿಗೆ ಹೋತು. ಫ್ಲೆಕ್ಸು, ಶಾಲು, ಹಾರ, ಉದ್ಘಾಟನೆ ದಿನದ ಉಪ್ಪಿಟ್ಟು-ಶಿರಾ ಎಲ್ಲಾ ಸೇರಿ ಇನ್ನೊಂದು ಆರು ಸಾವಿರ. ಉಳಿದದ್ದಕ್ಕ ಪುಸ್ತಕ. ಅಲಮಾರಿ ಕೀಲಿ ನಮ್ಮ ಒಬ್ಬ ಹಿರಿಯರ ಕಿಸೆದಾಗ. ಅವರು ಮದುವಿಗೆ ಹೋದ್ರ ಓದಿನ ಖೋಲಿನೂ ಮದುವಿಗೆ ಹೋದಂಗ. ಮೂರು ತಿಂಗಳಾದ ಮ್ಯಾಲ ಒಂದು ದಿನ ನೋಡ್ತೀನಿ, ಗಾಜಿನ ಮ್ಯಾಲ ಕೆಳಗಿನ ಸಾಲಿಗೆ ಸರಿಯಾಗಿ ಸಣ್ಣ ಸಣ್ಣ ಮೂಗಿನ ಗುರುತು. ಹುಡುಗ್ರು ಹೊರಗ ನಿಂತು ಗಾಜಿಗೆ ಮೂಗು ಒತ್ತಿ ಮುಖಪುಟ ನೋಡಿಕೊಂಡು ಮನಿಗೆ ಹೋಗ್ಯಾವ. ಅವತ್ತು ಕೀಲಿ ಇಸಗೊಂಡೆ. ತೋಟದಾಗ ಬಿದ್ದಿದ್ದ ಹಳೇ 16 ಎಂಎಂ ಡ್ರಿಪ್ ಲ್ಯಾಟರಲ್ (ಹನಿ ನೀರಾವರಿ ಪೈಪು) ತಂದು, ಒಳಗ ತಂತಿ ಹಾಯಿಸಿ, ಗೋಡಿಗೆ ಮಕ್ಕಳ ಎದಿಮಟ್ಟಕ್ಕ ಮೂರು ಸಾಲು ಬಿಗಿದ್ವಿ. ತೆಳು ಪುಸ್ತಕ ನಡುವೆ ತೆರೆದು ಅದರ ಮ್ಯಾಲ ನೇತುಹಾಕಿದ್ರ ಆತು, ಕ್ಲಿಪ್ಪೂ ಬ್ಯಾಡ. ಬರೇ ತಂತಿ ಆದ್ರ ಹಾಳಿ ಕೊಯ್ತೈತಿ, ಪೈಪು ಕೊಯ್ಯಲ್ಲ. ಅಲಮಾರಿ ಈಗ ಜಮಖಾನಿ ಇಡಾಕ ಐತಿ.

ಈಗ ರೊಕ್ಕದ ವಿಷಯ. ಎಲ್ಲಾರೂ ದೂರದ್ದು ನೋಡ್ತಾರ, ನೀ ಹತ್ರದ್ದು ಮೊದಲು ನೋಡು. ನಿಮ್ಮ ಮನಿ ಕರದ ರಸೀದಿ ತೆಗೆದು ನೋಡಿದ್ರ ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತೈತಿ, ತೆರಿಗಿ ಮ್ಯಾಲ ನೂರಕ್ಕ 6. ಅದು ನಿಮ್ಮೂರವರೇ ಕಟ್ಟೋ ರೊಕ್ಕ. ಹಳ್ಳಿ ಗ್ರಂಥಾಲಯಗಳು 2019ರಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದ್ವು, ಈಗ ಅವಕ್ಕ ಅರಿವು ಕೇಂದ್ರ ಅಂತಾರ. 2020ರಾಗ ‘ಓದುವ ಬೆಳಕು’ ಶುರು ಆದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪಂಚಾಯ್ತಿ ಊರು ನಿಮ್ಮೂರಿಂದ ಮೂರು ಕಿಲೋಮೀಟರ್ ಇದ್ರ ಸಣ್ಣ ಮಕ್ಕಳು ಅಲ್ಲಿಗೆ ನಡಕೊಂಡು ಹೋಗಲ್ಲ, ಖರೇ. ಅದಕ್ಕ ಪಿಡಿಒ ಹತ್ರ ಹೋಗಿ “ನಮಗ ಗ್ರಂಥಾಲಯ ಕೊಡ್ರಿ” ಅನ್ನಬ್ಯಾಡ. “ತಿಂಗಳಿಗೊಮ್ಮೆ ಅರಿವು ಕೇಂದ್ರದಿಂದ 50 ಮಕ್ಕಳ ಪುಸ್ತಕ ನಮ್ಮ ಹೆಸರಿಗೆ ಬರೆದು ಕೊಡ್ರಿ, ತಿಂಗಳಾದ ಮ್ಯಾಲ ತಂದು ಬದಲಿ ಒಯ್ತೀವಿ” ಅನ್ನು. ಇದಕ್ಕ ಯಾರೂ ಹೊಸ ರೊಕ್ಕ ತೆಗೀಬೇಕಾಗಿಲ್ಲ, ಅದಕ್ಕ ಹೂಂ ಅಂತಾರ. ನವೆಂಬರ್ ಸುಮಾರಿಗೆ ಮಕ್ಕಳ ಗ್ರಾಮಸಭೆ ಆಗ್ತೈತಲ್ಲ, ಅಲ್ಲಿ ಮಕ್ಕಳ ಬಾಯಿಲೇ ಕೇಳಿಸು, ನಡಾವಳಿ ಪುಸ್ತಕದಾಗ ಬರೆಸು. ಬರೆದದ್ದು ಇದ್ರ ಮುಂದಿನ ವರ್ಷದ ಕ್ರಿಯಾ ಯೋಜನೆ ಹೊತ್ತಿಗೆ ತೋರಿಸಿ ಕೇಳಾಕ ಬರ್ತೈತಿ.

ಎರಡನೇದು ಶಾಲಿ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆದಾಗ ಶಾಲಾ ಗ್ರಂಥಾಲಯಕ್ಕ ವರ್ಷಕ್ಕ 5,000ದಿಂದ 20,000ದ ತನಕ, ಶಾಲಿ ಎಷ್ಟನೇ ಇಯತ್ತೆ ತನಕ ಐತಿ ಅನ್ನೋದರ ಮ್ಯಾಲ, ಅನುದಾನದ ಲೆಕ್ಕ ಐತಿ. ಎಸ್‌ಡಿಎಂಸಿಯಾಗ (ಶಾಲಿ ನೋಡಿಕೊಳ್ಳೋ ಪಾಲಕರ ಸಮಿತಿ) ನಿಮ್ಮವರೊಬ್ಬರು ಇದ್ರ ಆ ಪುಸ್ತಕ ಆರಿಸುವಾಗ ಕುಂದ್ರಬಹುದು. ಮುಖ್ಯ ಗುರುಗಳ ಜೋಡಿ ಜಗಳ ಮಾಡಬ್ಯಾಡ. ಪುಸ್ತಕ ಹರಿದ್ರ ಯಾರು ಲೆಕ್ಕ ಕೊಡಬೇಕು ಅನ್ನೋ ಹೆದರಿಕಿ ಅವರಿಗೆ. “ಹರಿದದ್ದು ನಾವು ಅಂಟಿಸಿ ಕೊಡ್ತೀವಿ” ಅಂತ ಕಾಗದದ ಮ್ಯಾಲ ಬರೆದು ಕೊಟ್ವಿ ನಾವು. ಆಮ್ಯಾಲೆ ಶಾಲಿ ಪುಸ್ತಕದ ಪೆಟ್ಟಿಗಿ ತೆರೀತು.

ಕಂಪನಿ ರೊಕ್ಕ ಅಂತ ಮೂರು ಮಂದಿ ಈ ಥ್ರೆಡ್ಡಿನಾಗ ಬರೆದಾರ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಅನ್ನೋದು ಕಂಪನಿ ಕಾಯ್ದೆ 2013ರ 135ನೇ ಕಲಂ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿ ತೆಗೆದು ಅದರಾಗ ನೂರಕ್ಕ 2 ಖರ್ಚು ಮಾಡಬೇಕು, ತಾವಿರೋ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು. ಗಿಣಿಗೇರಿ ಸುತ್ತ ಕಾರ್ಖಾನೆ ಅದಾವ, ಕುಷ್ಟಗಿಗೆ ದೂರ ಆದ್ರೂ ಅದೇ ಜಿಲ್ಲಾ. ಆದ್ರ ಅವರು ನಗದು ಕೊಡಬೇಕಂದ್ರ ನಿಮ್ಮ ಸಂಘಕ್ಕ ಆದಾಯ ತೆರಿಗಿ ವಿನಾಯಿತಿಯ ನೋಂದಣಿ (12ಎ, 80ಜಿ ಅಂತ ಕರೀತಾರ), 2021ರಿಂದ ಸಿಎಸ್‌ಆರ್ ರೊಕ್ಕ ತಗೊಳ್ಳಾಕ ಬೇಕಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ, ಎಲ್ಲಾ ಬೇಕು. ನಿನ್ನೆ ಹುಟ್ಟಿದ ಸಂಘಕ್ಕ ಎಲ್ಲಿಂದ ಬರಬೇಕು? ನಗದು ಕೇಳಬ್ಯಾಡ. 150 ಪುಸ್ತಕದ ಹೆಸರು, ಪ್ರಕಾಶಕರು, ಬೆಲಿ ಬರೆದ ಪಟ್ಟಿ ಕೊಟ್ಟು “ಇವನ್ನ ನೀವೇ ಕೊಂಡು ಶಾಲಿಗೆ ಕೊಡ್ರಿ” ಅನ್ನು. ಕೆಲಸ ಅವರಿಗೂ ಹಗುರ.

ಪರದೇಶದ ಯಾವುದೋ ಪ್ರತಿಷ್ಠಾನ ಮಕ್ಕಳ ಓದಿಗೆ 500 ಡಾಲರ್ ಕೊಡ್ತೈತಿ ಅಂತ ಒಬ್ಬರು ಮ್ಯಾಲ ಹಾಕ್ಯಾರಲ್ಲ, ಅದನ್ನ ಮುಟ್ಟಬ್ಯಾಡ. ಹೊರದೇಶದ ದೇಣಿಗಿ ತಗೊಳ್ಳಾಕ ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಅದಕ್ಕ ಸಂಘಕ್ಕ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಾಗ 15 ಲಕ್ಷ ಖರ್ಚು ಮಾಡಿರಬೇಕು, ಖಾತೆ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆದಾಗ ತೆಗೀಬೇಕು. 500 ಡಾಲರಿಗಾಗಿ ದಿಲ್ಲಿ! ನಿನ್ನ ಸ್ವಂತ ಖಾತೆಗೆ ತರಿಸಿ ಊರಿಗೆ ಹಂಚ್ತೀನಿ ಅಂದ್ರ ಅದು ಇನ್ನೂ ದೊಡ್ಡ ತಾಪತ್ರಯ. ಕೋಲ್ಕತ್ತಾದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನ (1972ರದ್ದು) ಸಂಘ-ಸಂಸ್ಥೆಗಳ ಗ್ರಂಥಾಲಯಕ್ಕೂ ನೆರವು ಕೊಡ್ತೈತಿ, ಆದ್ರ ರಾಜ್ಯದ ಗ್ರಂಥಾಲಯ ಇಲಾಖೆ ಮೂಲಕ ಹೋಗಬೇಕು. ನಾಲ್ಕು ವರ್ಷ ಆದ ಮ್ಯಾಲ ಅದರ ವಿಚಾರ ಮಾಡು.

ಸಂಘ ಮಾಡಬೇಕೋ ಬ್ಯಾಡೋ ಅಂತ ಕೇಳೀದಿ. 1960ರ ಸಂಘಗಳ ನೋಂದಣಿ ಕಾಯ್ದೆದಾಗ ಏಳು ಮಂದಿ ಇದ್ರ ಸಾಕು. ಮಾಡೂದು ಸರಳ, ವರ್ಷಾ ವರ್ಷಾ ಸಭೆ ಮಾಡಿ ಲೆಕ್ಕಪತ್ರ ಸಲ್ಲಿಸೂದು ಕಷ್ಟ. ಎರಡು ವರ್ಷ ಬಿಟ್ರ ದಂಡ ಕಟ್ಟಾಕ ಓಡಾಡಬೇಕು, ನಾವು ಓಡಾಡೀವಿ. ಈಗ ಸದ್ಯಕ್ಕ ಊರಾಗ ಇರೋ ನೋಂದಾಯಿತ ಯುವಕ ಮಂಡಳ ಇಲ್ಲಾ ಮಹಿಳಾ ಸಂಘದ ಹೆಸರಿನ್ಯಾಗ ಹೋಗು, ಇಬ್ಬರ ಸಹಿ ಇರೋ ಖಾತೆ ಇರಲಿ.

ಅರ್ಜಿಗೆ ಬರೋಣ. ನಮ್ಮ ಮೊದಲ ಅರ್ಜಿ “ಗ್ರಾಮೀಣ ಮಕ್ಕಳಲ್ಲಿ ವಾಚನಾಭಿರುಚಿ ಬೆಳೆಸುವ ಸದುದ್ದೇಶದಿಂದ” ಅಂತ ಶುರುವಾಗಿತ್ತು. ಎರಡು ಪುಟ, ಒಳಗ ಏನೂ ಇಲ್ಲ. ಎರಡನೇ ಸಲ ಹಿಂಗ ಬರೆದ್ವಿ: “3ರಿಂದ 5ನೇ ತರಗತಿಯ 64 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಹತ್ತು ಸಾಲು ಓದಿಸಿದೆವು. 27 ಮಕ್ಕಳು ತಡೆಯದೆ ಓದಿದರು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5ರಿಂದ 6:30ರವರೆಗೆ ಕೋಣೆ ತೆರೆದಿರುತ್ತದೆ. ಒಬ್ಬರು ಗಟ್ಟಿಯಾಗಿ ಕತೆ ಓದುತ್ತಾರೆ. ವರ್ಷದ ಕೊನೆಗೆ ಅದೇ 64 ಮಕ್ಕಳನ್ನು ಮತ್ತೆ ಓದಿಸಿ ವರದಿ ಕೊಡುತ್ತೇವೆ.” ಒಂದೇ ಪುಟ. ಹದಿನೈದು ದಿನಕ್ಕ ಫೋನ್ ಬಂತು.

25,000ದ ಲೆಕ್ಕ ನಾವು ಇಟ್ಟದ್ದು ಹಿಂಗ. 60 ರೂಪಾಯಿ ಸರಾಸರಿ ಹಿಡಿದು 200 ಪುಸ್ತಕಕ್ಕ 12,000. ಜಮಖಾನಿ, ತಂತಿ, ಬಲ್ಬಿಗೆ 2,500. ಟೇಪು, ಬೈಂಡಿಂಗು, ರಿಜಿಸ್ಟರಿಗೆ 1,000. ತಿಂಗಳಿಗೆ 700ರಂತೆ ಓದಿಸೋಕಿಗೆ ವರ್ಷಕ್ಕ 8,400. ಉಳಿದ 1,100 ಓಡಾಟಕ್ಕ. ಕೊಡೋರು ಆ 8,400 ನೋಡಿ “ಇದು ಯಾಕ, ಸೇವಾ ಅಂತ ಮಾಡ್ರಲ್ಲ” ಅಂತಾರ. ಬಗ್ಗಬ್ಯಾಡ. ಬೇಕಾದ್ರ ಪುಸ್ತಕ 150 ಮಾಡು, ಆ ಸಾಲು ಬಿಡಬ್ಯಾಡ. ನಮ್ಮಲ್ಲಿ ಓದಿಸೋಕಿ ಪಿಯುಸಿ ಮುಗಿಸಿ ಮನಿಯಾಗ ಇದ್ದ ಹುಡುಗಿ. ಸೇವಾ ಅಂದಿದ್ರ ಎರಡನೇ ತಿಂಗಳಿಗೆ ಅವರಪ್ಪ “ಹೊಲಕ್ಕ ನಡಿ” ಅಂತಿದ್ದ. 700 ಬರ್ತೈತಿ ಅಂದದ್ದಕ್ಕ ಸಂಜಿ ಹೊತ್ತು ಬಿಟ್ಟ.

ಪುಸ್ತಕಕ್ಕ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕ ನೋಡು, ಬೆಲಿ ಕಮ್ಮಿ, ಚಿತ್ರ ಚಲೋ. ಪ್ರಥಮ್‌ನವರ ಸ್ಟೋರಿವೀವರ್ ಜಾಲತಾಣದಾಗ ಕನ್ನಡ ಕತಿ ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಅದಕ್ಕ ಅವರೇ ಅನುಮತಿ ಕೊಟ್ಟಾರ. ದಾನದ ಪುಸ್ತಕ ಮಾತ್ರ ಹುಷಾರಿ. ಪುಸ್ತಕ ಜೋಳಿಗೆ ಹಿಡಕೊಂಡು ಹೋದ್ರ ಅರ್ಧಕ್ಕರ್ಧ ಹಳೇ ಗೈಡು, ಎಫ್‌ಡಿಎ ಪ್ರಶ್ನೋತ್ತರ, ಯಾರದೋ ಬಿ.ಇಡಿ. ನೋಟ್ಸು. ಬ್ಯಾಡ ಅನ್ನಾಕ ಸಂಕೋಚ ಪಡಬ್ಯಾಡ.

ಇನ್ನೊಂದು, ಕಾಲ ನೋಡಿ ಯೋಜನೆ ಹಾಕು. ನಮ್ಮ ಕಡೆ ಹತ್ತಿ ಬೀಜದ ಕ್ರಾಸಿಂಗ್ (ಹೂವಿಗೆ ಕೈಲೇ ಪರಾಗ ಹಚ್ಚೋ ಕೆಲಸ) ಶುರುವಾದ್ರ ಅವ್ವಂದಿರು ನಸುಕಿನಾಗ ಹೊಲಕ್ಕ, ದೊಡ್ಡ ಹುಡುಗ್ಯಾರು ಕೂಸು ಹಿಡಿದು ಮನಿಯಾಗ. ಆ ಎರಡು ತಿಂಗಳು ಖೋಲಿಗೆ ಹತ್ತು ಮಂದಿ ಬಂದ್ರ ಹೆಚ್ಚು. ಸುಗ್ಗಿ ಮುಗಿಸಿ ಗುಳೆ ಹೋಗೋ ಮನಿ ಮಕ್ಕಳಿಗೆ ನಾವು ಎರಡೆರಡು ಪುಸ್ತಕ ಕೊಟ್ಟು ಕಳಿಸ್ತೀವಿ. ಅವು ವಾಪಸ್ ಬರೂದು ಯುಗಾದಿಗೆ, ಸಿಮೆಂಟಿನ ಧೂಳು ಹತ್ತಿಕೊಂಡು. ಕೆಲವು ಬರಲ್ಲ. ಇದನ್ನೆಲ್ಲಾ ವರದಿಯಾಗ ಇದ್ದಂಗ ಬರಿ: ಇಷ್ಟು ಕಳೆದ್ವು, ಇಷ್ಟು ಹರಿದ್ವು, ಈ ತಿಂಗಳು ಮಕ್ಕಳು ಬರಲಿಲ್ಲ. 200ರಾಗ 17 ಕಳೆದಾವ ಅಂತ ನಾವು ಬರೆದ ವರ್ಷವೇ ಮುಂದಿನ ಕಂತು ತಡ ಇಲ್ಲದ ಬಂತು. ಬಿಲ್ಲು ಮಾತ್ರ ಒಂದೂ ಕಳೀಬ್ಯಾಡ. ಕಾಗದದ ಮ್ಯಾಲಿನ ಶಾಯಿ ಹಾರ್ತೈತಿ, ಅವತ್ತೇ ಫೋಟೋ ಹೊಡೆದಿಡು.

ನಮ್ಮ ಅರ್ಜಿ ನಕಲು ಇಲ್ಲಿ ಹಾಕಲ್ಲ, ಎಲ್ಲಾರೂ ಹಂಗೇ ಇಳಿಸಿದ್ರ ಯಾರಿಗೂ ಸಿಗಲ್ಲ. ಐತವಾರ ಸಂಜಿ ಬಾ, ಮುಂಜಾನೆ ಔಷಧಿ ಹೊಡಿಯೋದೈತಿ. ಬರುವಾಗ 200 ಪುಟದ ಗೆರಿ ಇಲ್ಲದ ನೋಟ್‌ಬುಕ್ ತಗೊಂಡು ಬಾ, ರಿಜಿಸ್ಟರಿಗೆ ಗೆರಿ ಎಳೆದು ಕಾಲಂ ಹಾಕಿ ಕೊಡ್ತೀನಿ.