ತಪ್ಪಿಸಿಕೊಂಡವರ ತಪ್ಪೇನು?

ಮಾನ್ಯರೇ,

ಕಲ್ಲುಗಣಿಯೊಂದರ ಜೀತದಾಳುಗಳು ರಾತ್ರೋರಾತ್ರಿ ಹೊರಬಂದುದನ್ನು ಕುರಿತ ನಮ್ಮ ಲೇಖನದಲ್ಲಿ ‘ತಪ್ಪಿಸಿಕೊಂಡರು’ ಎಂಬ ಪದ ಬಂದದ್ದು ತಮ್ಮನ್ನು ನೋಯಿಸಿದೆ. ಆ ಪದದೊಳಗೇ ‘ತಪ್ಪು’ ಇರುವುದರಿಂದ ಅದು ನೊಂದವರ ಮೇಲೆಯೇ ಅಪರಾಧ ಹೊರಿಸುತ್ತದೆ, ‘ಮುಕ್ತರಾದರು’ ಎಂದಿರಬೇಕಿತ್ತು ಎನ್ನುತ್ತೀರಿ. ಒಂದು ಕ್ರಿಯಾಪದಕ್ಕಾಗಿ ಇಷ್ಟು ಉದ್ದದ ಕಾಗದ ಬರೆಯುವ ಓದುಗರಿರುವುದು ಪತ್ರಿಕೆಯ ಭಾಗ್ಯ. ‘ಮುಕ್ತ’ ಎಂಬುದಕ್ಕೆ ತನ್ನದೇ ಘನತೆಯಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಜೀವನವಿಡೀ ಕನ್ನಡ ಕಲಿಸಿದ ತಾವು ‘ತಪ್ಪು’ ಧಾತುವನ್ನು ಇಷ್ಟು ಕಿರಿದಾಗಿ ಕಾಣಬಾರದಿತ್ತು.

ಬಸ್ಸು ತಪ್ಪುತ್ತದೆ, ಗುರಿ ತಪ್ಪುತ್ತದೆ, ಗಂಡಾಂತರವೂ ತಪ್ಪುತ್ತದೆ. ಜಾತ್ರೆಯಲ್ಲಿ ‘ಮಗು ತಪ್ಪಿಸಿಕೊಂಡಿದೆ’ ಎಂದು ಧ್ವನಿವರ್ಧಕದಲ್ಲಿ ಕೂಗುವಾಗ ಯಾರೂ ಮಗುವನ್ನು ದೂರುವುದಿಲ್ಲ. ಹಿಡಿತದಿಂದ ಜಾರುವುದು, ಸೇರಬೇಕಾದಲ್ಲಿ ಸೇರದಿರುವುದು ಈ ಧಾತುವಿನ ವಿಶಾಲವಾದ ಅರ್ಥ. ದೋಷವೆಂಬುದು ಅದರ ಒಂದು ಕವಲು ಮಾತ್ರ. ತಮಿಳಿನ ‘ತಪ್ಪಿ’, ತೆಲುಗಿನ ‘ತಪ್ಪಿಂಚುಕೊನು’ ಕೂಡ ಪಾರಾಗುವುದನ್ನೇ ಹೇಳುತ್ತವೆ.

ನನಗೆ ಅದಕ್ಕಿಂತ ಮುಖ್ಯವಾದದ್ದು ಕೊನೆಯ ‘ಕೊಳ್ಳು’. ಮಾಡಿಕೊಳ್ಳು, ಬಿಡಿಸಿಕೊಳ್ಳು, ಉಳಿಸಿಕೊಳ್ಳು: ಮಾಡಿದವನೂ ತಾನೇ, ಫಲ ಪಡೆದವನೂ ತಾನೇ. ‘ಬಿಡುಗಡೆಯಾಯಿತು’ ಎಂದರೆ ಬಿಟ್ಟವರು ಬೇರೆ ಯಾರೋ ಇದ್ದಾರೆ. ಜೀತದಾಳಿಗೆ ಸರ್ಕಾರ ಬಿಡುಗಡೆ ಪತ್ರ ಕೊಡುತ್ತದೆ, ಅಲ್ಲಿ ಆ ಪದ ಸರಿ. ಆದರೆ ಕಾವಲಿನ ಕಣ್ಣು ತಪ್ಪಿಸಿ, ಮಕ್ಕಳನ್ನು ಹೆಗಲಿಗೇರಿಸಿ ಕತ್ತಲಲ್ಲಿ ನಡೆದವರನ್ನು ಯಾರೂ ಬಿಟ್ಟಿರಲಿಲ್ಲ. ಅವರ ಧೈರ್ಯವನ್ನು ‘ಮುಕ್ತರಾದರು’ ಎಂಬುದು ಅಳಿಸಿಹಾಕುತ್ತದೆ.

ಪಾರಾಗುವ ಪರಿಗಳನ್ನು ಕನ್ನಡ ಎಷ್ಟು ಎಚ್ಚರದಿಂದ ವಿಂಗಡಿಸಿದೆ ನೋಡಿ. ಕೌರವಸೇನೆಯನ್ನು ಕಂಡ ಉತ್ತರಕುಮಾರ ರಥದಿಂದ ಧುಮುಕಿ ಓಡಿದ್ದು ಪಲಾಯನ. ಅರಗಿನ ಮನೆಯಿಂದ ಪಾಂಡವರು ಸುರಂಗದ ಮೂಲಕ ಹೊರಬಿದ್ದದ್ದನ್ನು ಹಾಗೆನ್ನಲು ಯಾರಿಗೂ ಬಾಯಿ ಬಾರದು, ಅವರು ಪಾರಾದರು. ಹೊಣೆಯಿಂದ ನುಣುಚಿಕೊಳ್ಳುತ್ತಾರೆ, ಮಾತಿನಿಂದ ಜಾರಿಕೊಳ್ಳುತ್ತಾರೆ. ಕಂಬಿ ಕೀಳುವವನೂ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸುವವನೂ ಬೇರೆಯೇ ಬಗೆಯವರು.

ತಮ್ಮ ಸಿಟ್ಟು ನಿಜವಾಗಿ ತಿರುಗಬೇಕಾದದ್ದು ‘ಪರಾರಿ’ಯ ಮೇಲೆ. ಅರಬ್ಬಿ ಮೂಲದ ‘ಫರಾರ್’ ಉರ್ದುವಿನ ದಾರಿಯಲ್ಲಿ ಬಂದು ನಮ್ಮಲ್ಲಿ ಅಪರಾಧಿಯ ಪದವಾಗಿ ನೆಲೆಸಿದೆ. ಕಳ್ಳ ಪರಾರಿ, ಕೊಲೆ ಆರೋಪಿ ಪರಾರಿ. ಅದೇ ಧಾಟಿಯ ಶೀರ್ಷಿಕೆಯಲ್ಲಿ ‘ಮುಂಗಡ ಪಡೆದ ಕೂಲಿಗಳು ಪರಾರಿ’ ಎಂದೂ ಅಚ್ಚಾಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿತು. ತೀರಿಸಬೇಕಾದ ಹಣವೇ ಇಲ್ಲದವರು ಯಾರಿಗೆ ಮೋಸ ಮಾಡಿ ಓಡಿದರು? ಆ ಶೀರ್ಷಿಕೆ ಧಣಿಯ ಬಾಯಿಂದ ಬಂದದ್ದು, ವರದಿಗಾರ ಅದನ್ನು ಹಾಗೆಯೇ ಬರೆದುಕೊಂಡ. ಹೊಡೆಯುವ ಗಂಡನ ಮನೆ ತೊರೆದ ಹೆಣ್ಣು ಊರಿನ ಬಾಯಲ್ಲಿ ‘ಓಡಿಹೋದವಳು’. ಹೆಂಡತಿ ಮಕ್ಕಳನ್ನು ಬೀದಿಗೆ ಬಿಟ್ಟ ಗಂಡಸು ಮಾತ್ರ ‘ಮನೆ ಬಿಟ್ಟು ಹೋದ’ನಂತೆ! ಈ ಅನ್ಯಾಯ ದಿನವೂ ನಡೆಯುತ್ತಿರುವಾಗ ನಮ್ಮ ವ್ಯಾಕರಣಪ್ರಿಯರು ಕಾಗುಣಿತದ ಜಗಳದಲ್ಲೇ ದಣಿಯುತ್ತಿದ್ದಾರೆ.

ಲೇಖನದಲ್ಲಿ ‘ತಪ್ಪಿಸಿಕೊಂಡರು’ ಎಂಬುದು ಹಾಗೆಯೇ ಉಳಿಯುತ್ತದೆ. ತಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ದಿನಪತ್ರಿಕೆಗಳ ಸುದ್ದಿಮನೆಯಲ್ಲಿದ್ದಾರೆಂದು ಬರೆದಿದ್ದೀರಿ. ಇಷ್ಟೇ ಉದ್ದದ ಇನ್ನೊಂದು ಕಾಗದವನ್ನು ‘ಪರಾರಿ’ಯ ಬಗ್ಗೆ ಅವರಿಗೆ ಬರೆಯಬೇಕೆಂದು ಕೋರುತ್ತೇನೆ.

— ಸಂಪಾದಕ