ಎಂಟನೇ ಕ್ಲಾಸಿಗೇ ಬಿಟ್ಟವನು ನಮ್ಮ ಬ್ಯಾಚಲ್ವಾ?

ಪ್ರಿಯ ಓದುಗರೆ,

ನಿಮ್ಮ ಪತ್ರ ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಹೆಸರು, ಊರು, ಶಾಲೆ ಯಾವುದನ್ನೂ ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ತಿಳಿಯಲಿ ಎಂದು ವಿಷಯವನ್ನಷ್ಟು ಹೇಳುತ್ತೇನೆ. ನಿಮ್ಮ ಬ್ಯಾಚಿನವರು ಶಾಲೆ ಬಿಟ್ಟು 30 ವರ್ಷವಾಯಿತು. ಎಲ್ಲರೂ ಒಮ್ಮೆ ಸೇರುವ ಕಾರ್ಯಕ್ರಮ, ಜೊತೆಗೊಂದು ಸ್ಮರಣ ಸಂಚಿಕೆ. ತೀರಿಕೊಂಡ ಸಹಪಾಠಿಗಳ ಪುಟಗಳು ನಿಮ್ಮ ತಲೆಗೆ ಬಂದಿವೆ. ಪಟ್ಟಿಯಲ್ಲಿ ಏಳು ಹೆಸರು. ದೊಡ್ಡ ಅಧಿಕಾರಿಯಾಗಿದ್ದವರ ಬಗ್ಗೆ ಮೂರು ಪುಟದ ಲೇಖನ ಆಗಲೇ ಬಂದು ಕೂತಿದೆ. ಮಿಕ್ಕವರಿಗೆ ತಲಾ ಒಂದು ಸಾಲು. ಒಬ್ಬ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವನು ನಮ್ಮ ಬ್ಯಾಚೇ ಅಲ್ಲ ಎನ್ನುತ್ತಿದೆ ಸಮಿತಿ. ಒಬ್ಬಳು ತನ್ನ ಪ್ರಾಣ ತಾನೇ ಕಳೆದುಕೊಂಡಳು. ಇನ್ನೊಬ್ಬನ ಬಗ್ಗೆ ಒಳ್ಳೆಯ ಮಾತಾಡುವವರೇ ಸಿಗುತ್ತಿಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದ್ದೀರಿ: "ಶಾಲೆ ಬಿಟ್ಟ ಮೇಲೆ ಇವರ್ಯಾರ ಜೊತೆಗೂ ನನಗೆ ಸಂಪರ್ಕ ಇರಲಿಲ್ಲ. ಗೊತ್ತಿಲ್ಲದವರ ಬದುಕಿನ ಬಗ್ಗೆ ಏನು ಬರೆಯಲಿ?"

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮಗೆ ಗೊತ್ತಿಲ್ಲ ಅಂದವರು ಯಾರು? ಅವರು ಹನ್ನೆರಡು ವರ್ಷದವರಿದ್ದಾಗ ದಿನಕ್ಕೆ ಆರು ಗಂಟೆ ಅವರ ಪಕ್ಕದಲ್ಲೇ ಕೂತಿದ್ದವರು ನೀವು. ಹೆಂಡತಿ, ಗಂಡ, ಮಕ್ಕಳು, ಆಫೀಸಿನವರು ಇವರ್ಯಾರೂ ಆ ಹುಡುಗನನ್ನು, ಆ ಹುಡುಗಿಯನ್ನು ನೋಡಿಲ್ಲ. ಅಪ್ಪ ಅಮ್ಮ ಮನೆಯಲ್ಲಿ ನೋಡಿದ್ದಾರೆ, ಕ್ಲಾಸಿನಲ್ಲಿ ನೋಡಿಲ್ಲ. ಮೇಷ್ಟ್ರು ನೋಡಿದ್ದಾರೆ, ಆದರೆ ಕರಿಹಲಗೆಯ ಕಡೆಯಿಂದ. ಹಿಂದಿನ ಬೆಂಚಿನಿಂದ ನೋಡಿದವರು ನೀವು ಮಾತ್ರ. ಅದನ್ನು ಬರೆಯಿರಿ. ಮುಂದಿನ ಮೂವತ್ತು ವರ್ಷದ ಕಥೆ ಬೇರೆಯವರ ಹತ್ತಿರ ಇದೆ, ಅವರು ಬರೆದುಕೊಳ್ಳಲಿ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪತ್ರಿಕೆಯ 'ಅಗಲಿದವರು' ಪುಟಕ್ಕೆ ಒಮ್ಮೆ ಒಬ್ಬರ ಬಗ್ಗೆ ಎರಡು ಬರಹ ಬಂದವು. ಒಂದರಲ್ಲಿ ಸ್ನೇಹಜೀವಿ, ಮೃದುಭಾಷಿ, ಸದಾ ಹಸನ್ಮುಖಿ, ಅಜಾತಶತ್ರು, ತುಂಬಲಾರದ ನಷ್ಟ ಎಲ್ಲವೂ ಇತ್ತು. ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು. ಇನ್ನೊಂದನ್ನು ಬೆಂಚಿನ ಗೆಳೆಯರೊಬ್ಬರು ಬರೆದಿದ್ದರು. ಅದರ ಸಾರ ಇಷ್ಟೇ: ಅವನು ಎಡಗೈಯಲ್ಲಿ ಬರೆಯುತ್ತಿದ್ದ. ಮಧ್ಯೆ ಕೂತರೆ ಅವನ ಮೊಣಕೈ ಪಕ್ಕದವನ ಮೊಣಕೈಗೆ ತಾಗಿ ಇಬ್ಬರ ಅಕ್ಷರವೂ ಕೆಡುತ್ತಿತ್ತು. ಹಾಗಾಗಿ ಬೆಂಚಿನ ಎಡತುದಿ ಅವನಿಗೇ ಮೀಸಲು. ಯಾರಾದರೂ ಅಲ್ಲಿ ಕೂತರೆ ಜಗಳ ಆಡುತ್ತಿರಲಿಲ್ಲ, ಸುಮ್ನೆ ಪಕ್ಕ ನಿಂತಿರುತ್ತಿದ್ದ, ಕೂತವನೇ ಎದ್ದು ಹೋಗುವ ತನಕ. ಅಂಗೈ ಬದಿಯಲ್ಲಿ ಯಾವಾಗಲೂ ಇಂಕು.

ನಾವು ಅದನ್ನೇ ಹಾಕಿದೆವು. ಕೆಲವು ದಿನದ ಮೇಲೆ ಅವರ ಮಗಳಿಂದ ಪತ್ರ ಬಂತು. ಅಪ್ಪ ಎಡಗೈಯವರು ಅನ್ನೋದೇ ಆಕೆಗೆ ಗೊತ್ತಿರಲಿಲ್ಲವಂತೆ. ಆಕೆ ಕಂಡ ಹಾಗೆ ಅವರು ಬಲಗೈಯಲ್ಲೇ ಬರೆಯುತ್ತಿದ್ದರು. ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಎಂದು ಆ ಗೆಳೆಯರನ್ನು ಕೇಳಬೇಕು, ವಿಳಾಸ ಕೊಡಿ ಅಂದಿದ್ದರು. ಕೊಟ್ಟೆವು. 'ಹಸನ್ಮುಖಿ' ಎಂದು ಓದಿ ಯಾವ ಮಗಳೂ ಹೀಗೆ ಪತ್ರ ಬರೆಯುವುದಿಲ್ಲ.

"ನನಗೇನು ಹಕ್ಕಿದೆ" ಎಂಬ ಹಿಂಜರಿಕೆಯೂ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಇದು ನಿಮ್ಮೊಬ್ಬರ ಕಥೆಯಲ್ಲ. ಸಾವಿನ ದುಃಖವನ್ನು ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಇದನ್ನೇ ಗುರುತಿಸಿದರು. ಕೆಲವರ ದುಃಖವನ್ನು ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ಗೆಳೆಯರು, ಸಹೋದ್ಯೋಗಿಗಳು, ಬಿಟ್ಟುಹೋದ ಸಂಗಾತಿ ಇಂಥವರಿಗೆ ಯಾರೂ ಸಮಾಧಾನ ಹೇಳಲು ಬರುವುದಿಲ್ಲ, ರಜೆಯೂ ಸಿಗುವುದಿಲ್ಲ. ಅವರು ಕೂಡ "ನಾನ್ಯಾಕೆ ಇಷ್ಟು ಅಳಬೇಕು" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಸಹಪಾಠಿಗಳು ಈ ಗುಂಪಿಗೇ ಸೇರುತ್ತಾರೆ. ನೀವು ಬರೆಯಲಿರುವ ಪುಟಗಳು ಏಳು ಕುಟುಂಬಗಳಿಗೆ ಎಷ್ಟು ಬೇಕೋ, ಬ್ಯಾಚಿನವರಿಗೂ ಅಷ್ಟೇ ಬೇಕು.

ಇನ್ನು ನೆನಪು ತೆಗೆಯುವ ಕೆಲಸ. ವಾಟ್ಸ್ಆ್ಯಪ್ ಗುಂಪಿನಲ್ಲಿ "ಇಂಥವರ ಬಗ್ಗೆ ಯಾರಿಗಾದರೂ ಏನಾದರೂ ನೆನಪಿದೆಯಾ?" ಎಂದು ಹಾಕಿದಿರಿ, ಎರಡು ಕೈಮುಗಿದ ಚಿತ್ರ ಬಿಟ್ಟರೆ ಏನೂ ಬರಲಿಲ್ಲ ಎಂದಿದ್ದೀರಿ. ಬರುವುದಿಲ್ಲ. 1975ರಲ್ಲಿ ಹ್ಯಾರಿ ಬಾರಿಕ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು 392 ಹಳೆ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಸಹಪಾಠಿಗಳ ಹೆಸರು ನೆನಪಿನಿಂದ ಹೇಳಿ ಅಂದರೆ, ವರ್ಷ ಕಳೆದಷ್ಟೂ ಜನ ತಡಕಾಡಿದರು. ಆದರೆ ಹಲವು ಫೋಟೊ ಮುಂದಿಟ್ಟು ಇದರಲ್ಲಿ ನಿಮ್ಮ ಕ್ಲಾಸಿನವರು ಯಾರು ಎಂದು ಕೇಳಿದರೆ, ಶಾಲೆ ಬಿಟ್ಟು 30 ವರ್ಷ ದಾಟಿದವರೂ ನೂರಕ್ಕೆ ಸುಮಾರು 90ರಷ್ಟು ಸರಿ ಹೇಳಿದರು. ಮುಖ ಎಲ್ಲೂ ಹೋಗಿರುವುದಿಲ್ಲ. ಅದನ್ನು ತೋರಿಸಬೇಕು, ಅಷ್ಟೇ.

ಹಾಗಾಗಿ ಗ್ರೂಪ್ ಫೋಟೊ ಹುಡುಕಿ. ದೊಡ್ಡದು ಮಾಡಿಸಿ. ನಾಲ್ಕೈದು ಜನರನ್ನು ಒಂದು ಕಡೆ ಕೂರಿಸಿ ಕೈಗೆ ಕೊಡಿ. "ಅವನು ಎಂಥವನು?" ಎಂದು ಮಾತ್ರ ಕೇಳಬೇಡಿ, ಕೇಳಿದರೆ ಮತ್ತೆ ಸ್ನೇಹಜೀವಿಯೇ ಬರುತ್ತದೆ. ಎಲ್ಲಿ ಕೂರುತ್ತಿದ್ದ? ಯಾರ ಜೊತೆ ಬರುತ್ತಿದ್ದ? ಮೇಷ್ಟ್ರು ಅವನನ್ನು ಏನಂತ ಕರೆಯುತ್ತಿದ್ದರು? ಯಾವ ಪಾಠದಲ್ಲಿ ಕಿಟಕಿ ಆಚೆ ನೋಡುತ್ತಿದ್ದ? ಒಬ್ಬರು ತಪ್ಪು ಹೇಳುತ್ತಾರೆ, ಇನ್ನೊಬ್ಬರು "ಏಯ್, ಅದು ಅವನಲ್ಲ ಕಣೋ" ಎಂದು ತಿದ್ದುತ್ತಾರೆ. ಆ ತಿದ್ದುವಿಕೆಯಲ್ಲೇ ನಿಮಗೆ ಬೇಕಾದ್ದು ಸಿಗುವುದು. ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ, ಬರೆದುಕೊಳ್ಳುತ್ತಾ ಕೂತರೆ ಮಾತು ನಿಂತುಹೋಗುತ್ತದೆ.

ಎಂಟನೇ ಕ್ಲಾಸಿಗೆ ಬಿಟ್ಟ ಹುಡುಗನ ವಿಚಾರದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅವನು ನಿಮ್ಮ ಬ್ಯಾಚು. ನಿಮ್ಮ ಸಮಿತಿಯವರು ಪಾಸಾದವರ ಪಟ್ಟಿ ಇಟ್ಟುಕೊಂಡು ಮಾತಾಡುತ್ತಿದ್ದಾರೆ. ನೋಡಬೇಕಾದ್ದು ಶಾಲೆಯ ದಾಖಲಾತಿ ಪುಸ್ತಕ. ಶಾಲೆಗೆ ಸೇರಿದವರೆಲ್ಲ ಅದರಲ್ಲಿದ್ದಾರೆ. ಮಧ್ಯದಲ್ಲಿ ಬಿಟ್ಟವರು ಸುಮ್ಮನೆ ಬಿಟ್ಟಿರುವುದಿಲ್ಲ. ಫೀಸು, ಕಾಯಿಲೆ, ಮನೆಯ ಜವಾಬ್ದಾರಿ, ಮದುವೆ ಹೀಗೆ ಏನೋ ಒಂದು ಇರುತ್ತದೆ. ಶಾಲೆ ಅವರನ್ನು ಒಮ್ಮೆ ಕಳೆದುಕೊಂಡಿದೆ. ನೆನಪಿನ ಪುಟದಲ್ಲೂ ಅದೇ ಆಗಬೇಕಾ?

ಪ್ಯಾರಿಸ್‌ನಲ್ಲಿ ನಡೆದ ಒಂದು ಕೆಲಸವನ್ನು ಸಮಿತಿಗೆ ಹೇಳಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಿಂದ 11 ಸಾವಿರಕ್ಕೂ ಹೆಚ್ಚು ಯಹೂದಿ ಮಕ್ಕಳನ್ನು ನಾಜಿಗಳ ಶಿಬಿರಗಳಿಗೆ ಸಾಗಿಸಿದರು. ವಾಪಸು ಬಂದವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅವರ್ಯಾರೂ ಓದು ಮುಗಿಸಿದವರಲ್ಲ, ಕ್ಲಾಸಿನಿಂದ ಮಧ್ಯದಲ್ಲೇ ಮಾಯವಾದವರು. 1990ರ ದಶಕದ ಕೊನೆಯಲ್ಲಿ ಕೆಲವು ಸ್ವಯಂಸೇವಕರು ಶಾಲೆಗಳಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ತೆರೆದು, ಸಾಗಿಸಿದವರ ಪಟ್ಟಿಯ ಜೊತೆ ಒಂದೊಂದೇ ಹೆಸರು ತಾಳೆ ನೋಡಿದರು. ಇವತ್ತು ಪ್ಯಾರಿಸ್‌ನ ನೂರಾರು ಶಾಲೆಗಳ ಗೋಡೆಯ ಮೇಲೆ ಆ ಮಕ್ಕಳ ನೆನಪಿನ ಫಲಕಗಳಿವೆ. ಇನ್ನೂ ಶಾಲೆಗೇ ಸೇರದ ಹಸುಳೆಗಳೂ ಅವರಲ್ಲಿ ಇದ್ದರಲ್ಲ, ಅವರನ್ನು ಯಾವ ಶಾಲೆಯ ಫಲಕಕ್ಕೆ ಸೇರಿಸುವುದು? ಅವರ ಹೆಸರುಗಳನ್ನು ಆಯಾ ಬಡಾವಣೆಯ ಪಾರ್ಕುಗಳಲ್ಲಿ ಹಾಕಿದರು. ಇಂಥ ನೆನಪಿನ ಮುಂದೆ ಎಂಟನೇ ಕ್ಲಾಸು, ಹತ್ತನೇ ಕ್ಲಾಸು ಎಂದು ತಕರಾರು ತೆಗೆಯಲು ನಿಮ್ಮವರಿಗೂ ಮನಸ್ಸು ಬರಲಾರದು.

ಹೆಣ್ಣುಮಕ್ಕಳ ಲೆಕ್ಕವನ್ನೂ ಒಮ್ಮೆ ನೋಡಿ. ಏಳು ಹೆಸರಲ್ಲಿ ಒಬ್ಬಳೇ ಹುಡುಗಿ ಎಂದಿದ್ದೀರಿ. ನನಗೆ ನಂಬಿಕೆ ಬರುತ್ತಿಲ್ಲ. ಮದುವೆಯಾಗಿ ಹೆಸರು, ವಿಳಾಸ ಬದಲಾದವರ ಸಾವಿನ ಸುದ್ದಿ ಬ್ಯಾಚಿನ ತನಕ ಬರುವುದೇ ಇಲ್ಲ. ಅಕ್ಕತಂಗಿಯರನ್ನು, ಅಣ್ಣತಮ್ಮಂದಿರನ್ನು ಹಿಡಿದು ವಿಚಾರಿಸಿ. ಅಚ್ಚಿನಲ್ಲಿ ಶಾಲೆಯ ಹೆಸರು, ಆಮೇಲಿನ ಹೆಸರು ಎರಡೂ ಇರಲಿ. ಹಾಗೆಯೇ, ತೀರಿಕೊಂಡಿದ್ದಾರೆ ಎಂದು ಹಾಕುವ ಮುಂಚೆ ಮನೆಯವರ ಬಾಯಿಂದ ಖಾತ್ರಿ ಮಾಡಿಕೊಳ್ಳಿ. "ಯಾರೋ ಹೇಳಿದರು" ಸಾಲದು.

ಈಗ ಆ ಮೂರು ಪುಟ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಏಳು ಜನಕ್ಕೂ ಒಂದೇ ಅಳತೆ ಇರಲಿ. ಒಂದು ಪುಟ ಅಂದರೆ ಎಲ್ಲರಿಗೂ ಒಂದು ಪುಟ. ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಒಂದು ಆಯೋಗ ಹುಟ್ಟಿತು. ಜನರಲ್ ಆಗಲಿ ಸಿಪಾಯಿ ಆಗಲಿ, ಕಲ್ಲಿನ ಅಳತೆ ಒಂದೇ ಎಂದು ಅದು ತೀರ್ಮಾನಿಸಿತು. ದೊಡ್ಡ ಮನೆತನದವರು ಗಲಾಟೆ ಮಾಡಿದರು, ಪಾರ್ಲಿಮೆಂಟಿನಲ್ಲೂ ಚರ್ಚೆಯಾಯಿತು, ಆಯೋಗ ಜಗ್ಗಲಿಲ್ಲ. ಮನೆಯವರು ತಮ್ಮ ಮಾತು ಕೆತ್ತಿಸಬಹುದಿತ್ತು, ಆದರೆ 66 ಅಕ್ಷರದೊಳಗೆ. ಆ ಮಿತಿಯಲ್ಲೇ ಜನ ಹೇಳಬೇಕಾದ್ದನ್ನು ಹೇಳಿದರು. 2001ರ ಸೆಪ್ಟೆಂಬರ್ 11ರ ದಾಳಿಯ ಮೇಲೆ ನ್ಯೂಯಾರ್ಕ್ ಟೈಮ್ಸ್ ಸತ್ತವರ ಬಗ್ಗೆ ಒಬ್ಬೊಬ್ಬರದೂ ಪುಟ್ಟ ಬರಹ ಹಾಕತೊಡಗಿತು. ಕಂಪನಿಯ ಮುಖ್ಯಸ್ಥನಿಗೂ ಅಡುಗೆಯವನಿಗೂ ಹೆಚ್ಚುಕಮ್ಮಿ ಅಷ್ಟೇ ಜಾಗ. ಹುದ್ದೆ ಬಿಟ್ಟು ಹವ್ಯಾಸ, ಹುಚ್ಚು, ಮನೆಯ ತಮಾಷೆ ಬರೆದರು. ಅದಕ್ಕೊಂದು ಟೀಕೆಯೂ ಬಂತು: ಎಲ್ಲರೂ ಒಳ್ಳೆಯವರೇ, ಎಲ್ಲರ ಸಂಸಾರವೂ ಸುಖವೇ, ಇದು ಸಾಧ್ಯವಾ ಎಂದು. ಟೀಕೆ ನ್ಯಾಯವಾದದ್ದೇ. ಸತ್ತ ಎಮ್ಮೆಗೆ ಹಾಲು ಜಾಸ್ತಿ ಅಂತಾರಲ್ಲ, ಹಾಗೆ.

ಅಲ್ಲಿಂದ ನಿಮ್ಮ ಕಷ್ಟದ ಗಿರಾಕಿಗೆ ಬರೋಣ, ಅದೇ, ಒಳ್ಳೆಯ ಮಾತು ಸಿಗದವನು. ಹಾಲು ಜಾಸ್ತಿ ಮಾಡಬೇಡಿ. ಅವನಿಂದ ಪೆಟ್ಟು ತಿಂದವರು ನಿಮ್ಮ ಸಂಚಿಕೆ ಓದುತ್ತಾರೆ, 'ಅಜಾತಶತ್ರು' ಎಂದು ಕಂಡರೆ ನಗುತ್ತಾರೆ, ಇಲ್ಲವೇ ಮತ್ತೆ ನೋಯುತ್ತಾರೆ. ಹಾಗಂತ ಹಳೆಯ ಲೆಕ್ಕ ತೀರಿಸಲು ಅದು ಜಾಗವಲ್ಲ. "ಜಗಳಗಂಟ, ನಾವೆಲ್ಲ ಅವನಿಗೆ ಹೆದರುತ್ತಿದ್ದೆವು" ಎಂದಷ್ಟೇ ಬರೆದರೆ ತಪ್ಪೇನಿಲ್ಲ. ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿನಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಎದ್ದಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿ ಸತ್ತ ಮೂವರು ಅಲ್ಲಿ ಓದಿದವರೇ. 1930ರಲ್ಲಿ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಅವರಿಗೂ ಒಂದು ಫಲಕ ಹಾಕಿದರು. ಅವರು ತಮ್ಮ ದೇಶಕ್ಕಾಗಿ ಹೋರಾಡಿ ಸತ್ತರು ಎಂದೇ ಅದರಲ್ಲಿದೆ. ಹೊಗಳಿಕೆಯೂ ಇಲ್ಲ, ಕ್ಷಮೆಯ ಮಾತೂ ಇಲ್ಲ. ಇಲ್ಲಿ ಓದಿದವರು, ಹಾಗಾಗಿ ಹೆಸರಿದೆ.

ಪ್ರಾಣ ಕಳೆದುಕೊಂಡ ಹುಡುಗಿಯ ಪುಟವನ್ನು ಬೇರೆ ಯಾರಿಗೂ ಕೊಡಬೇಡಿ, ನೀವೇ ಬರೆಯಿರಿ. ಮೊದಲು ಮನೆಯವರನ್ನು ಕೇಳಿ. ಸಾವಿನ ಕಾರಣ ಹೇಳಬೇಕಾ ಬೇಡವಾ ಅನ್ನುವುದು ಅವರಿಗೆ ಬಿಟ್ಟದ್ದು. ಅವರು ಒಪ್ಪಿದರೂ, ಹೇಗೆ ಎಂಬ ವಿವರ ಬೇಡ, ಇದೇ ಕಾರಣ ಎಂದು ಒಂದನ್ನೇ ಬೊಟ್ಟು ಮಾಡುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ವರ್ಷಗಳಿಂದ ಹೇಳಿಕೊಂಡು ಬಂದಿರುವುದು ಇದನ್ನೇ. ಅಂಥ ವಿವರ ಓದಿದವರಲ್ಲಿ ಯಾರೋ ಒಬ್ಬರು ಅದೇ ದಾರಿ ಹಿಡಿಯುವ ಅಪಾಯ ನಿಜವಾದದ್ದು. ಶಾಲೆಗಳಿಗೆಂದೇ ಅಮೆರಿಕದಲ್ಲಿ ಮಾಡಿದ ಕೈಪಿಡಿಯೊಂದು ಇನ್ನೊಂದು ಮಾತು ಹೇಳುತ್ತದೆ: ಯಾರು ಹೇಗೇ ಸತ್ತಿರಲಿ, ನೆನೆಯುವ ರೀತಿ ಒಂದೇ ಇರಲಿ. ಅವಳಿಗೆಂದು ವಿಶೇಷ ಪುಟವೂ ಬೇಡ, ಅವಳನ್ನು ಮುಚ್ಚಿಡುವುದೂ ಬೇಡ. ಚೆನ್ನಾಗಿ ಗೋಲಿ ಆಡುತ್ತಿದ್ದಳು, ಹುಡುಗರನ್ನೆಲ್ಲ ಸೋಲಿಸಿ ಗೆದ್ದ ಗೋಲಿಗಳನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು, ಪರೀಕ್ಷೆ ದಿನ ಅದು ಬಿದ್ದು ಗೋಲಿಗಳು ಕೊಠಡಿಯ ತುಂಬ ಉರುಳಿದವು ಎಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಅವಳ ಸಾವಿನ ಬಗ್ಗೆ ನಿಮ್ಮ ಪತ್ರದಲ್ಲಿ ಎರಡು ಸಾಲಿದೆ, ಗೋಲಿಯ ಬಗ್ಗೆ ಒಂಬತ್ತು. ಆ ಒಂಬತ್ತು ಸಾಲನ್ನು ಎತ್ತಿ ಹಾಕಿ, ಪುಟದ ಅರ್ಧ ಕೆಲಸ ಮುಗಿಯಿತು.

ಬರೆದದ್ದನ್ನೆಲ್ಲ ಅಚ್ಚಿಗೆ ಮುಂಚೆ ಮನೆಯವರಿಗೆ ತೋರಿಸಿ. ತಾರೀಖು, ಹೆಸರು, ಬೇಡವಾದ ವಿವರ ತಿದ್ದಲಿ. ಫೇಸ್‌ಬುಕ್‌ನಲ್ಲಿರುವ ಫೋಟೊ ಕೇಳದೆ ಎತ್ತಬೇಡಿ. ಯಾರಾದರೂ "ದಯವಿಟ್ಟು ಬೇಡ" ಅಂದರೆ, ಹೆಸರು ಮಾತ್ರ ಹಾಕಬಹುದಾ ಎಂದು ಒಮ್ಮೆ ಕೇಳಿ, ಅದೂ ಬೇಡವೆಂದರೆ ಬಿಟ್ಟುಬಿಡಿ.

ಮೂರು ಪುಟದ ಲೇಖಕರಿಗೆ ಬೇಜಾರಾಗುತ್ತೆ ಅಂದಿದ್ದೀರಿ. ಆಗುತ್ತೆ. ಅವರಿಗೆ ಒಂದು ಮಾತು ಕೇಳಿ: ಆ ಅಧಿಕಾರಿ ಏಳನೇ ಕ್ಲಾಸಿನಲ್ಲಿ ಎಲ್ಲಿ ಕೂರುತ್ತಿದ್ದರು? ನೀವು ಕಳಿಸಿದ ಪ್ರತಿಯನ್ನು ನಾನು ಓದಿದೆ. ಹುದ್ದೆ, ಪ್ರಶಸ್ತಿ, ಯಾವ ಊರಿಂದ ಯಾವ ಊರಿಗೆ ವರ್ಗ ಎಲ್ಲ ಇದೆ, ಶಾಲೆಯ ಒಂದು ದಿನವೂ ಇಲ್ಲ. ಪಾಪ, ಏಳು ಜನರಲ್ಲಿ ಜಾಸ್ತಿ ಅನ್ಯಾಯ ಆಗಿರುವುದು ಅವರಿಗೇ. ಗ್ರೂಪ್ ಫೋಟೊ ಮುಂದಿಟ್ಟುಕೊಂಡು ಇನ್ನೊಂದು ಒಂದು ಪುಟ ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟರೆ ನನಗೂ ಒಂದು ಪ್ರತಿ ಕಳಿಸಿ.

— ಸಂಪಾದಕ