ಲ್ಯಾಂಥನಮ್ ಹೈಡ್ರಾಕ್ಸೈಡ್ ಪುಡಿಗೆ ಆಮ್ಲ ಹಾಕಿದರೆ ಗುಳ್ಳೆ ಏಳುವುದೇಕೆ?

ಲ್ಯಾಂಥನಮ್ ಎಂಬ ಲೋಹದ ನೈಟ್ರೇಟ್‌ಗೆ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಸೇರಿಸಿ ಪಡೆದ ಬಿಳಿ ಪುಡಿಯ ಮೇಲೆ ಆಮ್ಲದ ಹನಿ ಬಿದ್ದೊಡನೆ ಗುಳ್ಳೆ ಏಳುತ್ತದೆ, ಇದು ನಿಜಕ್ಕೂ ಹೈಡ್ರಾಕ್ಸೈಡೇ, ಇದರ ಉಪಯೋಗವೇನು ಎಂದು ಕೇಳಿದ್ದೀರಿ. ಪುಡಿಯ ಒಂದಷ್ಟು ಭಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗಿದೆ; ಆಮ್ಲ ಬಿದ್ದಾಗ ಅದೇ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಹಲವು ಸಲ ತಯಾರಿಸಿದ ನನಗೂ ಮೊದಮೊದಲು ಹೀಗೇ ಆಗುತ್ತಿತ್ತು.

ವಿರಳ ಭಸ್ಮ (ರೇರ್ ಅರ್ಥ್) ಧಾತುಗಳ ಸಾಲಿನಲ್ಲಿ ಲ್ಯಾಂಥನಮ್‌ನಿಂದ ಲ್ಯುಟೀಷಿಯಂವರೆಗೆ ಸಾಗಿದಂತೆ ಅಯಾನುಗಳ (ವಿದ್ಯುದಂಶವುಳ್ಳ ಪರಮಾಣುಗಳ) ಗಾತ್ರ ಕುಗ್ಗುತ್ತಾ, ಹೈಡ್ರಾಕ್ಸೈಡ್‌ಗಳ ಪ್ರತ್ಯಾಮ್ಲ (ಆಮ್ಲವನ್ನು ತಟಸ್ಥಗೊಳಿಸುವ) ಗುಣವೂ ಇಳಿಯುತ್ತಾ ಹೋಗುತ್ತದೆ. ಸಾಲಿನ ಮೊದಲಿಗೇ ಇರುವ ಲ್ಯಾಂಥನಮ್‌ನ ಹೈಡ್ರಾಕ್ಸೈಡ್ ನೀರಿನಲ್ಲಿ ಅತ್ಯಲ್ಪ ಕರಗಿದರೂ, ಅಮೋನಿಯಂ ಲವಣದೊಡನೆ ಬಿಸಿ ಮಾಡಿದರೆ ಅಮೋನಿಯಾದ ಘಾಟು ಹೊಮ್ಮಿಸುವಷ್ಟು ಪ್ರಬಲ. ಅದರ ಆಕ್ಸೈಡಂತೂ ಥೇಟ್ ಸುಟ್ಟ ಸುಣ್ಣದ ಹಾಗೆ. ನೀರು ತಾಕಿದರೆ ಬಿಸಿಯೇರಿ ಅರಳಿ ಹೈಡ್ರಾಕ್ಸೈಡ್ ಆಗುತ್ತದೆ; ಸೀಸೆಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವಕ್ಕೇ ಉಬ್ಬಿ ಹುಡಿಯಾಗುತ್ತದೆ. ಪೂರ್ತಿ ಅರಳಿದಾಗ 1 ಗ್ರಾಂ ಆಕ್ಸೈಡ್ ಸುಮಾರು 1.17 ಗ್ರಾಂ ಹೈಡ್ರಾಕ್ಸೈಡ್ ಆಗುವುದರಿಂದ, ಹಳೆಯ ಸೀಸೆಯ ಚೀಟಿಯನ್ನು ನಂಬಿ ತೂಗಿದರೆ ಲೆಕ್ಕ ತಪ್ಪುತ್ತದೆ.

ತಯಾರಿಸುವಾಗ, ಕರಗಿರುವ ಇಂಗಾಲದ ಡೈಆಕ್ಸೈಡ್ ಹೋಗುವಂತೆ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿಕೊಳ್ಳಿ. ಆರು ಅಣು ನೀರಿರುವ ಲ್ಯಾಂಥನಮ್ ನೈಟ್ರೇಟ್ 4.33 ಗ್ರಾಂ ತೆಗೆದುಕೊಂಡರೆ 1.2 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಸಾಕು, ಆದರೆ ಕ್ಷಾರ ಕಡಿಮೆಯಾಗದಿರಲೆಂದು ನಾನು 1.5 ಗ್ರಾಂ ಬಳಸುತ್ತೇನೆ. ನೈಟ್ರೇಟ್ ದ್ರಾವಣವನ್ನೇ ಹನಿಹನಿಯಾಗಿ ಕ್ಷಾರದೊಳಕ್ಕೆ ಬಿಡಬೇಕು. ಬದಲಿಗೆ ಕ್ಷಾರವನ್ನೇ ನೈಟ್ರೇಟ್‌ಗೆ ಬಿಟ್ಟರೆ, ಕ್ಷಾರ ಸಾಲದ ಹೊತ್ತಿನಲ್ಲಿ ನೈಟ್ರೇಟ್ ಸೇರಿದ ಪ್ರತ್ಯಾಮ್ಲೀಯ ಲವಣಗಳು ಒತ್ತರಗೊಳ್ಳುತ್ತವೆ (ದ್ರಾವಣದಿಂದ ಘನವಾಗಿ ಬೇರ್ಪಡುತ್ತವೆ). ಮೊದಲು ಗಂಜಿಯಂತೆ ಲೋಳೆಲೋಳೆಯಾಗಿ ಕಾಣುವ ಒತ್ತರವನ್ನು ಮುಚ್ಚಿ, ಕೆಲವು ಗಂಟೆ ಬಿಸಿಯಲ್ಲಿಟ್ಟರೆ ಅದು ಗಟ್ಟಿಗೊಂಡು ಸುಲಭವಾಗಿ ಸೋಸಲು ಬರುತ್ತದೆ. ಕುದಿಸಿ ಆರಿಸಿದ ನೀರಿನಲ್ಲೇ ತೊಳೆದು, ನಿರ್ವಾತ ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆಯಲ್ಲಿ) ಒಣಗಿಸಿ. ಏನೂ ನಷ್ಟವಾಗದಿದ್ದರೆ 1.90 ಗ್ರಾಂ ಸಿಗಬೇಕು.

ಉಪಯೋಗಗಳಲ್ಲಿ ನನಗೆ ಮುಖ್ಯವೆನಿಸುವುದು ನೀರಿನಿಂದ ಫಾಸ್ಫೇಟ್ ತೆಗೆಯುವುದು. ಕೆರೆಯಲ್ಲಿ ಪಾಚಿ ಹಬ್ಬಲು ಕಾರಣವಾಗುವ ಫಾಸ್ಫೇಟ್ ಲ್ಯಾಂಥನಮ್‌ನೊಡನೆ ಸೇರಿ, ಕರಗದ ಲ್ಯಾಂಥನಮ್ ಫಾಸ್ಫೇಟ್ ಆಗಿ ಉಳಿದುಬಿಡುತ್ತದೆ. ಫಾಸ್ಫೇಟ್‌ನಲ್ಲಿರುವ 1 ಗ್ರಾಂ ರಂಜಕಕ್ಕೆ (ಫಾಸ್ಫರಸ್) ಸುಮಾರು 4.5 ಗ್ರಾಂ ಲ್ಯಾಂಥನಮ್ ಬೇಕು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಇದೇ ಕೆಲಸಕ್ಕೆ ಬೆಂಟೊನೈಟ್ ಜೇಡಿಯಲ್ಲಿ ಲ್ಯಾಂಥನಮ್ ಸೇರಿಸುವ ವಿಧಾನವನ್ನು ರೂಪಿಸಿತು. ಆದರೆ ನೀರು ಹೆಚ್ಚು ಕ್ಷಾರೀಯವಾಗಿದ್ದರೆ ಹೈಡ್ರಾಕ್ಸೈಡ್‌ನ ಹಿಡಿತ ಸಡಿಲವಾಗುತ್ತದೆ. ಇದು ಏಕೆಂದು ಅರಿಯಲು ಅದಿರಿನ ಕಡೆ ನೋಡಬೇಕು. ಮೊನಜೈಟ್ ಎಂಬುದೇ ವಿರಳ ಭಸ್ಮಗಳ ಫಾಸ್ಫೇಟ್. ಕೇರಳದ ಆಲುವಾದಲ್ಲಿ 1952ರಲ್ಲಿ ಆರಂಭವಾದ ಇಂಡಿಯನ್ ರೇರ್ ಅರ್ಥ್ಸ್ ಕಾರ್ಖಾನೆಯಲ್ಲಿ ಆ ಮರಳನ್ನು ಪ್ರಬಲ ಕಾಸ್ಟಿಕ್ ಸೋಡಾದೊಡನೆ ಕಾಯಿಸಿ, ಫಾಸ್ಫೇಟನ್ನು ಬಿಡಿಸಿ, ಹೈಡ್ರಾಕ್ಸೈಡ್‌ಗಳ ಮಿಶ್ರಣವನ್ನು ಪಡೆಯುತ್ತಿದ್ದರು. ಕೆರೆಯಲ್ಲಿ ನಡೆಯುವುದು ಅದೇ ಕ್ರಿಯೆ, ಹಿಮ್ಮುಖವಾಗಿ. ಉಳಿದಂತೆ ಕ್ಯಾಮೆರಾ ಲೆನ್ಸಿನ ಗಾಜು, ಪೆಟ್ರೋಲಿಯಂ ಶುದ್ಧೀಕರಣದ ವೇಗವರ್ಧಕಗಳಿಗೆ ಬೇಕಾದ ಲ್ಯಾಂಥನಮ್ ಸಂಯುಕ್ತಗಳನ್ನು ಇದರಿಂದ ತಯಾರಿಸಬಹುದು.

ನಿಮ್ಮ ಪುಡಿಯನ್ನು ಚೆಲ್ಲಬೇಡಿ. ಹೈಡ್ರಾಕ್ಸೈಡ್‌ನ ನೀರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊರಟುಹೋದರೂ ಕಾರ್ಬೊನೇಟ್ ಅಷ್ಟಕ್ಕೇ ತನ್ನ ಇಂಗಾಲದ ಡೈಆಕ್ಸೈಡನ್ನು ಬಿಡುವುದಿಲ್ಲ. ಆದ್ದರಿಂದ ಮೂಸೆಯಲ್ಲಿಟ್ಟು 900 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ. ಆ ಆಕ್ಸೈಡನ್ನು ಕುದಿಸಿದ ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ, ಮುಚ್ಚಿಟ್ಟು ಅರಳಿಸಿ, ಒಣಗಿಸಿದ ಮೇಲೆ ಮತ್ತೊಮ್ಮೆ ಆಮ್ಲದ ಹನಿ ಬಿಟ್ಟು ನೋಡಿ. ಈ ಸಲ ಗುಳ್ಳೆ ಇಲ್ಲದೆ ಕರಗಬೇಕು.